ಬಲಗಡೆಯ ಸೊನ್ನೆ

ಬರಿ ಚೀಲವೊಂದನ್ನು ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದೇನೆ. ಅಂಗಡಿಗೆಂದು ಹೊರಟವನು. ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ್ದೂ ಆಗಿದೆ, ಇನ್ನೊಂದು ಕಾಲಿಗೆ ಮನಸ್ಸು ಬಂದಿಲ್ಲ. ವಯಸ್ಸಾಯಿತು ಅಂದರೆ ನೆಪ ಹೇಳಿದಂತಾಗುತ್ತದೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಲೆಕ್ಕದ ಪಾಠ ಹೇಳಿದವನಿಗೆ ಸುಸ್ತಾಗಲು ವಯಸ್ಸೇ ಆಗಬೇಕೆಂದೇನಿಲ್ಲ. ಒಂದೇ ಕರಿಹಲಗೆ, ಒಂದೇ ಪಾಠ: ಎಲ್ಲವನ್ನೂ ಎಡಗಡೆಗೆ ತನ್ನಿ, ಬಲಗಡೆಗೆ ಸೊನ್ನೆ ಬರೆಯಿರಿ. ನಿದ್ದೆಯಲ್ಲೂ ನನ್ನ ಬೆರಳು ಗೋಡೆಯ ಮೇಲೆ ಗುಂಡಗೆ ತಿರುಗುತ್ತದೆಂದು ಮನೆಯವಳು ದೂರುತ್ತಾಳೆ.

ಇವತ್ತು ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕೂಗಿ ಒಂದು ಮಾತು ಅಂದಳು. ಆ ಮಾತಿಗೇ ನಾನು ಚೀಲ ಹಿಡಿದು ಹೊರಬಂದದ್ದು, ಆ ಮಾತಿಗೇ ಹೀಗೆ ಕೂತುಬಿಟ್ಟದ್ದು. ಅದನ್ನು ಮೊದಲೇ ಹೇಳಿಬಿಟ್ಟರೆ, ಇಷ್ಟಕ್ಕೆಲ್ಲ ಒಬ್ಬ ಮನುಷ್ಯ ಅಂಗಡಿಗೆ ಹೋಗದೆ ಕೂರುತ್ತಾನೆಯೇ ಅನ್ನುತ್ತೀರಿ. ಆದ್ದರಿಂದ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ನಿಮಗೂ ಏನು ಅವಸರವಿದೆ?

ನಮ್ಮ ಮನೆಯಲ್ಲಿ ಯಾವ ಪದಾರ್ಥವೂ ಮುಗಿದುಹೋದದ್ದು ನಾನು ಕೇಳಿಲ್ಲ. ಮುಗಿದಿಲ್ಲವೆಂದಲ್ಲ, ಮುಗಿಯಿತೆಂದು ನನ್ನ ಹೆಂಡತಿ ಪುಟ್ಟಮ್ಮಣ್ಣಿ ಅಂದಿಲ್ಲ. ಅಕ್ಕಿಯ ಡಬ್ಬದ ತಳ ಕಂಡ ದಿನ ಅವಳು ಒಳಗಿನಿಂದ ಕೂಗುವುದು, "ಅಕ್ಕಿ ಹೆಚ್ಚಿತು ಕಣ್ರೀ" ಎಂದು. ಉಪ್ಪು ಹೆಚ್ಚುತ್ತದೆ, ಎಣ್ಣೆ ಹೆಚ್ಚುತ್ತದೆ, ಅರಿಸಿನ ಕುಂಕುಮ ಆಗಾಗ ಹೆಚ್ಚುತ್ತಲೇ ಇರುತ್ತದೆ. ಕೈಬಳೆ ಒಡೆದರೆ ಅದೂ ಹೆಚ್ಚಿತು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಹೊರಡುವವರು ಹೋಗುತ್ತೇನೆ ಅನ್ನುವಂತಿಲ್ಲ, ಬರುತ್ತೇನೆ ಅನ್ನಬೇಕು. ನಾನು ಮರೆತು ಎಂದಾದರೂ "ಹೋಗ್ತೀನಿ" ಅಂದುಬಿಟ್ಟರೆ ಪುಟ್ಟಮ್ಮಣ್ಣಿ ಬಾಗಿಲವರೆಗೂ ಬಂದು, "ಬತ್ತೀನಿ ಅನ್ನಿ" ಎಂದು ತಿದ್ದಿಯೇ ಕಳಿಸುತ್ತಾಳೆ. ಹೊರಗಿನವನೊಬ್ಬ ನಮ್ಮ ಬೀದಿಯ ಹೆಂಗಸರ ಮಾತನ್ನು ಒಂದು ದಿನ ಕೇಳಿಸಿಕೊಂಡರೆ, ಇಷ್ಟು ಸಂಪತ್ತಿನ ಊರು ಇನ್ನೊಂದಿಲ್ಲವೆಂದು ತಿಳಿದುಕೊಂಡು ಹೋದಾನು.

ಇಂಥ ಊರಿನಲ್ಲಿ ಸರ್ಕಾರ ನನ್ನನ್ನು ಇಟ್ಟುಕೊಂಡಿರುವುದು ಮಕ್ಕಳ ಕೈಯಲ್ಲಿ ಸೊನ್ನೆ ಬರೆಸುವುದಕ್ಕೆ. ನನ್ನ ಹಣೆಬರಹ ನೋಡಿ.

ಹಾಗೆಂದು ನಾನೇನೂ ಆಕಾಶದಿಂದ ಇಳಿದವನಲ್ಲ. ನಾನು ಹುಟ್ಟಿದ್ದು ಕುಂತೂರಿನಲ್ಲಿ, ಹೊಲ ಗದ್ದೆಯವರ ಮನೆಯಲ್ಲಿ. ಸುಗ್ಗಿಯಲ್ಲಿ ಕಣದ ರಾಶಿಯನ್ನು ನನ್ನ ತಾತ ಕೊಳಗದಲ್ಲಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ. "ಲಾಭ" ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ಪಕ್ಕದಲ್ಲಿ ಕೂತು ಎಣಿಕೆ ಕಲಿತ ನನಗೆ ಒಂದು ಎಂಬ ಸಂಖ್ಯೆ ಇದೆಯೆಂದೇ ಗೊತ್ತಿರಲಿಲ್ಲ. ಶಾಲೆಗೆ ಹಾಕಿದ ದಿನ ಐನೋರು ಎಣಿಸು ಅಂದರು. ನಾನು ಎದೆಯುಬ್ಬಿಸಿ "ಲಾಭ, ಎರಡು, ಮೂರು" ಎಂದು ಶುರುಮಾಡಿದೆ. ಅವರು ನನ್ನ ಬಲಗಿವಿಯನ್ನು ಹಿಂಡಿದ ರೀತಿಗೆ ಅದು ಇಂದಿಗೂ ಎಡಕ್ಕಿಂತ ಸ್ವಲ್ಪ ಉದ್ದವಿದೆ ಎಂದು ನನ್ನ ಅನುಮಾನ. ಆ ಕಿವಿಯವನೇ ಮುಂದೆ ಲೆಕ್ಕದ ಮೇಷ್ಟ್ರಾದ.

ಆದ್ದರಿಂದ ನನ್ನ ಕ್ಲಾಸಿನ ಹುಡುಗರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಆಯಾಸ ಬರುತ್ತದೆ ಅಷ್ಟೆ. ಹನೂರಿನ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ವರ್ಗಸಮೀಕರಣವನ್ನು ಅಚ್ಚುಕಟ್ಟಾಗಿ ಎಡಗಡೆಗೆ ತಂದು, ಸಮ ಚಿಹ್ನೆಯ ಎರಡು ಗೆರೆ ಎಳೆದು, ಬಲಗಡೆಯನ್ನು ಹಾಗೇ ಖಾಲಿ ಬಿಟ್ಟಿದ್ದ.

"ಇಲ್ಲೇನೋ ಇರಬೇಕಲ್ಲಪ್ಪ?" ಅಂದೆ.

"ಏನೂ ಇಲ್ವಲ್ಲ ಸಾ, ಅದ್ಕೇ ಏನೂ ಬರೀನಿಲ್ಲ."

"ಏನೂ ಇಲ್ಲ ಅನ್ನೋದನ್ನೇ ಬರೀಬೇಕು."

"ಪರೀಕ್ಸೆ ಪೇಪರ್‍ನಲ್ಲಿ ನಮ್ ಕೈಯಾರೆ ಸೊನ್ನೆ ಬರ್ಕಂಡ್ರೆ ಅದೇ ಬತ್ತದೆ ಅಂತ ನಮ್ಮವ್ವ ಅಂದವ್ಳೆ ಸಾ."

ಇನ್ನು ನಮ್ಮ ಊರು ತಮಿಳು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಒಮ್ಮೊಮ್ಮೆ ಅಲ್ಲಿಂದ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವರ ತಮಿಳಿನಲ್ಲಿ ಸೊನ್ನೆಗೆ ಪೂಜ್ಯಂ ಅನ್ನುತ್ತಾರೆ. ಹಲಗೆಯ ಮೇಲಿನ ಸೊನ್ನೆಗೆ ಬೆತ್ತ ತೋರಿಸಿ ಅವರು "ಪೂಜ್ಯಂ, ಪೂಜ್ಯಂ" ಅಂದಾಗ ಮುಂದಿನ ಸಾಲಿನ ಹುಡುಗರು ಕೈಮುಗಿದದ್ದನ್ನು ನಾನೇ ನೋಡಿದ್ದೇನೆ. ನಗುವಷ್ಟು ಶಕ್ತಿ ಆ ದಿನ ನನ್ನಲ್ಲಿರಲಿಲ್ಲ. ಈಗ ಮುಂದಿನ ವರ್ಷ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರುತ್ತೇವಂತೆ. ಸಮ ಚಿಹ್ನೆ ದಾಟಿದ್ದು ಕೂಡಿಸುವುದಿದ್ದರೆ ಕಳೆಯುವುದಾಗುತ್ತದೆ, ಕಳೆಯುವುದಿದ್ದರೆ ಕೂಡಿಸುವುದಾಗುತ್ತದೆ. ನಾವು ಯಾವುದಾಗುತ್ತೇವೋ ನೋಡಬೇಕು.

ಬಲಗಡೆಗೆ ಸೊನ್ನೆಯೇ ಯಾಕೆ ಬೇಕು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಕಸಬಿನ ಚಾಳಿ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಆರು ಬಂತು ಅನ್ನಿ. ಆ ಸಂಖ್ಯೆಗಳು ಯಾವುವು? ಎರಡು ಮತ್ತು ಮೂರು ಇರಬಹುದು, ಒಂದು ಮತ್ತು ಆರು ಇರಬಹುದು, ಅರ್ಧ ಮತ್ತು ಹನ್ನೆರಡು ಇರಬಹುದು. ಯಾರನ್ನು ಹಿಡಿಯುತ್ತೀರಿ? ಆದರೆ ಗುಣಿಸಿದರೆ ಸೊನ್ನೆ ಬಂತು ಅಂದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಎರಡರಲ್ಲಿ ಒಂದಾದರೂ ಸೊನ್ನೆಯೇ ಆಗಿರಬೇಕು. ಹೀಗೆ ಗುಟ್ಟು ಬಿಟ್ಟುಕೊಡುವ ಸಂಖ್ಯೆ ಅದೊಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆಗೆ ರಾಶಿ ಹಾಕಿ, ಇನ್ನೊಂದು ಕಡೆಯನ್ನು ಬರಿದು ಮಾಡಿಕೊಂಡು, ಬರಿದಾಗಿದೆ ಎಂದು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಬರಿದಾದದ್ದನ್ನು ಒಪ್ಪಿಕೊಳ್ಳದೆ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ.

ಕ್ಲಾಸಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ಮನೆಗೆ ಬಂದರೆ ಮಾತ್ರ ನನ್ನದೂ ಬೇರೆಯೇ ಗಣಿತ. ನಮಗೆ ಮಕ್ಕಳಾಗಲಿಲ್ಲ. ಬೀದಿಗೆ ಹೊಸದಾಗಿ ಬಂದ ಹೆಂಗಸರು ಮಕ್ಕಳೆಷ್ಟು ಎಂದು ಕೇಳಿದರೆ ಪುಟ್ಟಮ್ಮಣ್ಣಿ "ಆಗ್ಬೇಕು" ಅನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಹಾಗಂದಳು, ತಲೆ ನರೆತ ಮೇಲೂ ಹಾಗೇ ಅಂದಳು. ಕೇಳಿದವರು ಅವಳ ಕೂದಲನ್ನು ನೋಡಿ ಮಾತು ಬದಲಿಸುತ್ತಿದ್ದರು. ಒಳಗೆ ಕೂತ ನನಗೆ ಸಂಕಟವಾಗುತ್ತಿತ್ತು. ಆದರೆ ಆ ಮಾತನ್ನು ನಾನಾದರೂ ತಿದ್ದುವುದು ಹೇಗೆ? ಇಲ್ಲ ಅನ್ನು ಎಂದು ಯಾವ ಬಾಯಲ್ಲಿ ಹೇಳಲಿ? ನಾನೂ ಪೇಪರು ಓದುವವನಂತೆ ಇದ್ದುಬಿಡುತ್ತಿದ್ದೆ.

ಹೀಗಿರುವಾಗ ನಮ್ಮ ಜಗಲಿಗೆ ಬಂದವಳು ಚಿಕ್ಕತಾಯಿ.

ನೇಕಾರರ ಬೀದಿಯಲ್ಲಿ ರೇಷ್ಮೆ ನೂಲಿನ ಅಂಗಡಿ ಇಟ್ಟಿರುವ ರಾಚಪ್ಪನ ತಂಗಿ ಅವಳು. ನಮ್ಮ ಹೈಸ್ಕೂಲಿನಲ್ಲೇ ಓದುತ್ತಿದ್ದಳು. ಕೊನೆಯ ಪರೀಕ್ಷೆಗೆ ಮುಂಚೆ ಮದುವೆ ಮಾಡಿ ಯಳಂದೂರಿಗೆ ಕೊಟ್ಟರು. ಯಳಂದೂರೆಂದರೆ ಇಲ್ಲೇ, ಬೆಳಿಗ್ಗೆ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಸೇರಬಹುದು, ಆದರೆ ಅದು ಮೈಸೂರು ಸೀಮೆ. ಕೆಲವು ವರ್ಷ ಕಳೆದರೂ ಮಗುವಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಯಾದ. ಹೊಸಬಳು ಹೊಸ್ತಿಲು ದಾಟಿದ ವಾರವೇ ಚಿಕ್ಕತಾಯಿ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ರಾಚಪ್ಪ ಕೆಟ್ಟವನಲ್ಲ. ಬೀದಿಯವರ ಬಾಯಿಗೆ ಹೆದರುವವನು. ತಂಗಿಯನ್ನು ಮುಂದಿಟ್ಟುಕೊಂಡು ನನ್ನ ಹತ್ತಿರ ಬಂದ.

"ಮೇಷ್ಟ್ರೇ, ಇವ್ಳು ಬುಟ್ಟೋಗಿದ್ದ ಎಸ್ಸೆಸ್ಸೆಲ್ಸಿ ಕಟ್ತೀನಿ ಅಂತವ್ಳೆ. ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ನಾನೇ ಕಳಿಸ್ತೀನಿ. ಒಂದೇ ಸಲ ನೋಡದು. ಆಗ್ನಿಲ್ಲ ಅಂದ್ರೆ ಯಳಂದೂರಿಗೆ ನಾನೇ ಬುಟ್ಟು ಬತ್ತೀನಿ. ಬ್ಯಾರೆ ದಾರಿ ನಂಗೂ ಕಾಣಾಕಿಲ್ಲ" ಅಂದ.

ಚಿಕ್ಕತಾಯಿ ಅಣ್ಣನ ಮಾತು ಮುಗಿಯುವವರೆಗೆ ನನ್ನ ಗೋಡೆಯ ಮೇಲಿನ ಸೀಮೆಸುಣ್ಣದ ಗೀಚನ್ನೇ ನೋಡುತ್ತಿದ್ದಳು. ಆಮೇಲೆ, "ಮಿಕ್ಕಿದ್ದೆಲ್ಲ ನಾನೇ ಓದ್ಕತೀನಿ ಸಾ. ಈ ಆಲ್ಜೀಬ್ರ ಒಂದು ದಾಟ್ಸಿ" ಅಂದಳು.

ಸಾಯಂಕಾಲ ಬರಲು ಹೇಳಿದೆ. ಮೊದಲ ದಿನ ಪಾಠ ಶುರುಮಾಡಿ ಸಮ ಚಿಹ್ನೆಯ ಪಕ್ಕ ಸೀಮೆಸುಣ್ಣ ಇಟ್ಟಿದ್ದೆ ಅಷ್ಟೆ, ಒಳಗಿನಿಂದ ಪುಟ್ಟಮ್ಮಣ್ಣಿ ಬಂದಳು. "ದೀಪ ಹಚ್ಚೋ ಹೊತ್ನಲ್ಲಿ ಹೆಣ್ಮಗೀ ಕೈಲಿ ಸೊನ್ನೆ ಬರ್ಸ್ತೀರಲ್ಲ, ನಿಮ್ಗೇನು ಬುದ್ಧಿ ಇದ್ದದಾ?" ಅಂದಳು. ಸರಿ, ಬೆಳಿಗ್ಗೆಗೆ ಬದಲಾಯಿಸಿದೆ. "ಬೆಳಗಾಗೆದ್ದು ಮೊದಲ್ನೇ ಕೆಲ್ಸ ಸೊನ್ನೆ ಬರೆಯಾದಾ?" ಎಂದು ಅದಕ್ಕೂ ತಕರಾರು ಬಂತು. ಮಂಗಳವಾರ, ಶುಕ್ರವಾರ ಯಾವ ಹೊತ್ತಿಗೂ ಕೂಡದು. ಕೊನೆಗೆ ನಮ್ಮ ಮನೆಗೆ ಸೊನ್ನೆಯ ಪ್ರವೇಶ ರಜಾದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಎಂದು ತೀರ್ಮಾನವಾಯಿತು. ಅದು ನಾನು ಮಲಗುವ ಹೊತ್ತು. ಹಾಗಾಗಿ ಆ ವರ್ಷವೆಲ್ಲ ನಾನು ಆಕಳಿಸುತ್ತಲೇ ಪಾಠ ಹೇಳಿದ್ದು.

ಚಿಕ್ಕತಾಯಿ ಚುರುಕು. ಕೂಡಿಸುವುದರಲ್ಲಿ, ಬಿಡಿಸುವುದರಲ್ಲಿ ನನ್ನ ಗಂಡುಹುಡುಗರು ಅವಳ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಸೊನ್ನೆಯ ಹತ್ತಿರ ಬಂದರೆ ಅವಳ ಕೈ ಹಿಂದೆಗೆಯುತ್ತಿತ್ತು. ಹೇಗೋ ಅದನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಒಂದು ದಿನ ಒಂದು ಸುಲಭದ ಲೆಕ್ಕ ಕೊಟ್ಟೆ. ಒಂದು ಸಂಖ್ಯೆ ಇದೆ, ಅದನ್ನು ಅದರಿಂದಲೇ ಗುಣಿಸಿದರೆ ಅದರ ಐದರಷ್ಟಾಗುತ್ತದೆ. ಸಂಖ್ಯೆ ಯಾವುದು? ನಾನೊಂದು ಆಕಳಿಕೆ ಮುಗಿಸುವುದರೊಳಗೆ ಅವಳು ಐದು ಎಂದು ಬರೆದು ಅಡಿಗೆರೆ ಎಳೆದಿದ್ದಳು.

"ಏನು ಮಾಡ್ದೆ ಹೇಳಮ್ಮ."

"ಎರಡು ಕಡೇಲೂ ಎಕ್ಸ್ ಇತ್ತಲ್ಲ ಸಾ. ಒಂದೊಂದು ಹೊಡೆದಾಕ್ದೆ. ಐದು ಉಳೀತು."

"ಹೊಡೆದುಹಾಕೋದು ಅಂದರೆ ಭಾಗಿಸೋದು. ಆ ಎಕ್ಸ್ ಸೊನ್ನೆ ಆಗಿದ್ರೆ? ಸೊನ್ನೆಯಿಂದ ಭಾಗಿಸೋ ಹಾಗಿಲ್ಲ."

"ಅದ್ಯಾಕೆ ಸೊನ್ನೆ ಆಯ್ತದೆ ಸಾ?"

"ಆಗಬೋದಲ್ಲ. ಸೊನ್ನೇನ ಸೊನ್ನೆಯಿಂದ ಗುಣಿಸಿದ್ರೆ ಎಷ್ಟು? ಸೊನ್ನೆ. ಅದರ ಐದರಷ್ಟು ಎಷ್ಟು? ಅದೂ ಸೊನ್ನೆ. ಎರಡೂ ಕಡೆ ಸರಿಹೋಯ್ತು. ಎಲ್ಲಾನೂ ಎಡಕ್ಕೆ ತಂದು ಬಲಕ್ಕೆ ಸೊನ್ನೆ ಬರೆದಿದ್ರೆ ಎರಡು ಉತ್ತರಾನೂ ಸಿಕ್ತಿತ್ತು. ನೀನು ಒಂದನ್ನ ಹೊಡೆದುಹಾಕಿಬಿಟ್ಟೆ."

ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಯಾರಾರ ಬಂದು ಎಷ್ಟು ಅಂತ ಕೇಳುದ್ರೆ ಸೊನ್ನೆ ಅನ್ನಕಾಯ್ತದಾ ಸಾ? ಅದೂ ಒಂದು ಉತ್ತರವಾ? ಏನೂ ಇಲ್ಲ ಅಂದಂಗೆ ತಾನೆ?"

ಅವಳು ಯಾವುದನ್ನು ಕೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಯಳಂದೂರಿನಲ್ಲಿ ವರ್ಷ ವರ್ಷವೂ ಬಂದ ನೆಂಟರೆಲ್ಲ ಅವಳನ್ನು ಎಷ್ಟು ಎಂದು ಕೇಳಿದ್ದರು. ನಾನು ಬೇರೆ ಮಾತೇನೂ ಆಡುವ ಧೈರ್ಯವಿಲ್ಲದೆ ಗಣಿತದೊಳಗೇ ಅವಿತುಕೊಂಡೆ.

"ಉತ್ತರ ಇಲ್ಲ ಅನ್ನೋದು ಬೇರೆ, ಉತ್ತರ ಸೊನ್ನೆ ಅನ್ನೋದು ಬೇರೆ ಕಣಮ್ಮ. ಲೆಕ್ಕ ಕೇಳೋದು ಸರಿಹೋಗುತ್ತೋ ಇಲ್ವೋ ಅಂತ ಅಷ್ಟೆ. ಐದಾದ್ರೆ ಮೆಚ್ಚಿಕೊಳ್ಳಲ್ಲ, ಸೊನ್ನೆಯಾದ್ರೆ ಮುಖ ತಿರುಗಿಸಲ್ಲ. ಎರಡಕ್ಕೂ ಒಂದೇ ಮಾರ್ಕು" ಅಂದೆ.

ಒಳಗೆ ಪುಟ್ಟಮ್ಮಣ್ಣಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಸದ್ದು ಅಷ್ಟು ಹೊತ್ತು ಬರುತ್ತಿತ್ತು. ಅದು ಯಾವಾಗಲೋ ನಿಂತುಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಆ ದಿನ ಚಿಕ್ಕತಾಯಿ ಸೊನ್ನೆ ಬರೆದಳೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಅವಳು ಬರೆಯಲಿಲ್ಲ. ಮುಂದಿನ ವಾರವೂ ಐದು, ಏಳು, ಎಂಟು ಎಂದು ಒಂದೊಂದೇ ಉತ್ತರ ತಂದಳು. ಪರೀಕ್ಷೆ ಹತ್ತಿರ ಬರುತ್ತಿತ್ತು. ಅರ್ಧ ಉತ್ತರಕ್ಕೆ ಅರ್ಧ ಮಾರ್ಕು, ಹೀಗೇ ಹೋದರೆ ಇವಳು ಯಳಂದೂರಿನ ಗಾಡಿ ಹತ್ತುವುದೇ ಸೈ ಎಂದು ನನಗೆ ಚಿಂತೆ ಹತ್ತಿತು. ಮಧ್ಯಾಹ್ನದ ನಿದ್ದೆಯೂ ಹೋಯಿತು, ರಾತ್ರಿಯದೂ ಹೋಯಿತು. ಬೈದು ನೋಡೋಣವೆಂದರೆ ಅದಕ್ಕೂ ಉಸಿರು ಬೇಕಲ್ಲ.

ಗಾಡಿ ಅವಳು ಹತ್ತುವ ಮುಂಚೆ ತಾನೇ ಬಂತು. ಒಂದು ಭಾನುವಾರ ಯಳಂದೂರಿನಿಂದ ಅವಳ ಮಾವ, ಅಂದರೆ ಗಂಡನ ತಂದೆ, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ರಾಚಪ್ಪ ಅವರನ್ನು ನೇರವಾಗಿ ನಮ್ಮ ಜಗಲಿಗೇ ಕರೆತಂದ. ಚಿಕ್ಕತಾಯಿ ಆಗ ಪಾಠಕ್ಕೆ ಬಂದು ಕೂತಿದ್ದಳು, ನಾನು ಸಾಕ್ಷಿಗಿದ್ದರೆ ಮಾತಿಗೆ ಮರ್ಯಾದೆ ಎಂದು ಅವನ ಲೆಕ್ಕ. ಪುಟ್ಟಮ್ಮಣ್ಣಿ ಮಜ್ಜಿಗೆ ತಂದಿಟ್ಟು ಬಾಗಿಲ ಹಿಂದೆ ನಿಂತಳು.

ಮಾವ ದೊಡ್ಡ ಮನುಷ್ಯರು, ವಿಭೂತಿ ಹಚ್ಚಿದ ಅಗಲ ಹಣೆ, ಮೆತ್ತನೆಯ ಮಾತು. ಮಗ ಎರಡನೆಯ ಮದುವೆ ಮಾಡಿಕೊಂಡ ಎಂದು ಅವರು ಅನ್ನಲಿಲ್ಲ. "ಮನೇಗೆ ಇನ್ನೊಂದು ಹೆಣ್ಣು ಹೆಚ್ಚಾಗ್ಯದೆ" ಅಂದರು. ಆ ಹೊಸಬಳು ಬಸುರಿ, ಕೆಲಸಕ್ಕೆ ಆಳು ಬೇಕು ಎಂದು ಅನ್ನಲಿಲ್ಲ. "ಮನೆ ತುಂಬ್ತಾ ಅದೆ, ದೊಡ್ಡವ್ಳು ನೀನು, ನಿಂತು ನೋಡ್ಕಬೇಕಲ್ಲ ಮಗಾ" ಅಂದರು. ಕೇಳುತ್ತ ಕೇಳುತ್ತ ನನಗೇ ಅದು ಸುಖದ ಮನೆಯೆಂದು ಅನ್ನಿಸತೊಡಗಿತು. ನಮ್ಮ ಜನಕ್ಕೆ ಆ ವಿದ್ಯೆ ಚೆನ್ನಾಗಿ ಬರುತ್ತದೆ.

"ನಮ್ಮನೇಲಿ ನಿಂಗೇನವ್ವ ಕಮ್ಮಿ ಆಗಿತ್ತು?" ಅಂದರು ಕೊನೆಗೆ. "ಆಗಿದ್ದೆಲ್ಲ ಹೊಡೆದಾಕ್ಬುಡು. ಗಾಡಿ ತಂದಿವ್ನಿ. ಈವತ್ತಾಗ್ದಿದ್ರೆ ಹಬ್ಬ ಕಳೀಲಿ, ಬತ್ತೀನಿ ಅಂತ ಒಂದು ಮಾತು ಹೇಳು, ಸಾಕು."

ಎಲ್ಲರೂ ಚಿಕ್ಕತಾಯಿಯ ಕಡೆ ನೋಡಿದೆವು. ಬತ್ತೀನಿ ಅನ್ನುವುದು ನಮ್ಮಲ್ಲಿ ಎಷ್ಟು ಸುಲಭದ ಮಾತು! ಅದನ್ನಂದು ಬರದೇ ಇರಬಹುದು. ನೋಡೋಣ ಅಂದರೂ ನಡೆಯುತ್ತಿತ್ತು. ರಾಚಪ್ಪ ಅವಳನ್ನು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ, ಏನಾದರೊಂದು ಅಂದುಬಿಡು ಎಂದು. ಅಂದಿದ್ದರೆ ಹಬ್ಬದ ಮರುದಿನ ಗಾಡಿ ಮತ್ತೆ ಬರುತ್ತಿತ್ತು, ಆಗ ಕೊಟ್ಟ ಮಾತಿದೆ ಎಂದು ಅಣ್ಣನೇ ಹತ್ತಿಸುತ್ತಿದ್ದ. ಅದು ಅವಳಿಗೂ ಗೊತ್ತಿತ್ತು.

"ಇಲ್ಲ ಮಾವ" ಅಂದಳು.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಬರಾಕಿಲ್ಲ. ಆ ಮನೇಲಿ ನನ್ನ ಪಾಲಿಗೆ ಏನೂ ಇಲ್ಲ. ಇದ್ದದು ಇದ್ದದು ಅಂದ್ಕಂಡೇ ಇಷ್ಟು ವರ್ಸ ಕಳೆದ್ನಿ. ಹೊಡೆದಾಕಾದೂ ಇಲ್ಲ, ಮುಚ್ಚಾಕಾದೂ ಇಲ್ಲ. ಸೊನ್ನೆ ಅಂತ ಬರ್ಕಂಡು ಮುಂದಿನ ಲೆಕ್ಕ ಮಾಡ್ಕತೀನಿ. ಬಯ್ಯಾದಿದ್ರೆ ಬೈದು ಓಗಿ."

ದನಿ ಏರಿಸಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು. ಮಾವ ನನ್ನ ಕಡೆ ತಿರುಗಿ, "ಇದೇನಾ ಮೇಷ್ಟ್ರೇ ನೀವು ಕಲಿಸಿದ್ದು?" ಅಂದರು. ನಾನು ಬೀಜಗಣಿತ ಎಂದೇನೋ ತೊದಲಿದೆ. ಅವರು ಮಜ್ಜಿಗೆ ಮುಟ್ಟದೆ ಎದ್ದರು. ಬತ್ತೀವಿ ಎಂದೂ ಅನ್ನಲಿಲ್ಲ. ಗಾಡಿ ಬೀದಿಯ ತಿರುವು ದಾಟುವವರೆಗೆ ರಾಚಪ್ಪ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ತಂಗಿಯ ಹತ್ತಿರ ಬಂದು, "ಪರೀಕ್ಸೆ ಬರ್ಕವ್ವ. ಮುಂದಿನ್ದು ಆಮೇಲೆ ನೋಡ್ಕಂಡಾಯ್ತು" ಅಂದ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಪುಟ್ಟಮ್ಮಣ್ಣಿ ಮಾತ್ರ ಆ ಸಂಜೆ ಸರಿಯಾಗಿ ಊಟ ಮಾಡಲಿಲ್ಲ. "ಅಷ್ಟು ಬಿಡಿಸಿ ಅಂದ್ಬುಡದಾ ಹೆಣ್ಣು? ಬಾಯಿ ಬತ್ತದಾ?" ಅಂದಳು. ಬಯ್ಯುತ್ತಿದ್ದಾಳೆಂದು ಮೊದಲು ಅಂದುಕೊಂಡೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಮುಂದಿನ ಪಾಠದಲ್ಲಿ ಚಿಕ್ಕತಾಯಿ ನಾನು ಹೇಳುವ ಮುಂಚೆಯೇ ಎಲ್ಲವನ್ನೂ ಎಡಗಡೆಗೆ ಎಳೆದು, ಬಲಗಡೆಗೆ ದೊಡ್ಡದಾಗಿ ಒಂದು ಸೊನ್ನೆ ಬರೆದಳು. ಕುಂಬಳಕಾಯಿಯಷ್ಟು ಮಾಡಬೇಡ, ಬೇರೆಯದಕ್ಕೂ ಜಾಗ ಬಿಡು ಎಂದು ನಾನೇ ಹೇಳಬೇಕಾಯಿತು. ಪರೀಕ್ಷೆ ಮುಗಿಸಿ ಬಂದ ದಿನ ಲೆಕ್ಕ ಹೇಗಿತ್ತು ಅಂದೆ. "ಎರಡೆರಡು ಉತ್ತರ ಬರ್ದಿವ್ನಿ ಸಾ. ಮೊದ್ಲು ಸೊನ್ನೇನೇ ಬರ್ದೆ, ಆಮೇಲೆ ಮರ್ತೋದೀತು ಅಂತ" ಅಂದಳು. ಪಾಸಾದಳು. ಬಹಳ ಚೆನ್ನಾಗಿಯೇನಲ್ಲ, ಆದರೆ ಪಾಸಾದಳು. ರಾಚಪ್ಪ ಮಾತಿನಂತೆ ಟ್ರೈನಿಂಗ್‌ಗೆ ಕಳಿಸಿದ. ಈಗ ಹನೂರಿನಾಚೆ, ಪಾಲಾರಿನ ಕಡೆ ಒಂದು ಊರಿನ ಶಾಲೆಯಲ್ಲಿ ಟೀಚರು. ಅರ್ಧ ಮಕ್ಕಳು ಕನ್ನಡ, ಅರ್ಧ ಮಕ್ಕಳು ತಮಿಳು. ಹೇಗೆ ಸಂಭಾಳಿಸುತ್ತೀಯಮ್ಮ ಎಂದು ಒಮ್ಮೆ ಕೇಳಿದೆ. ಒಂದರ್ಧ ಸೊನ್ನೆ ಅನ್ನುತ್ತದಂತೆ, ಇನ್ನೊಂದರ್ಧ ಪೂಜ್ಯಂ ಅನ್ನುತ್ತದಂತೆ, ಹಲಗೆಯ ಮೇಲೆ ಎರಡೂ ಒಂದೇ ಥರ ಗುಂಡಗಿರುವುದರಿಂದ ತೊಂದರೆಯಿಲ್ಲವಂತೆ. ಅವಳಿಗ್ಯಾಕೋ ಈ ಕೆಲಸದಲ್ಲಿ ಇನ್ನೂ ಸುಸ್ತು ಬಂದಿಲ್ಲ.

ರಜೆಗೆ ಬಂದಾಗ ನಮ್ಮಲ್ಲಿಗೂ ಬರುತ್ತಾಳೆ. ನಿನ್ನೆ ಬಂದಿದ್ದಳು. ಪುಟ್ಟಮ್ಮಣ್ಣಿ ಮುದ್ದೆ, ಅವರೆಕಾಳು ಸಾರು ಮಾಡಿದ್ದಳು. ನಾನೂ ಚಿಕ್ಕತಾಯಿಯೂ ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಗುಮಾಸ್ತರ ಹೆಂಡತಿ ಪರಿಚಯ ಮಾಡಿಕೊಳ್ಳಲು ಬಂದರು. ಒಳ್ಳೆಯ ಹೆಂಗಸು, ಬಾಗಿಲಲ್ಲೇ ನಿಂತು ಎಲ್ಲರ ಊರು ಕೇರಿ ವಿಚಾರಿಸಿದರು. ಆಮೇಲೆ ಚಿಕ್ಕತಾಯಿಯನ್ನು, "ಮಕ್ಳೆಷ್ಟವ್ವ ನಿಂಗೆ?" ಅಂದರು.

"ಸೊನ್ನೆ ಕಣಕ್ಕ" ಅಂದಳು ಚಿಕ್ಕತಾಯಿ. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಲಿಲ್ಲ. "ಅಮ್ಮಾ, ಇನ್ನೊಸಿ ಸಾರು ಬುಡಿ. ಕಾಳು ಚೆಂದಾಗಿ ಬೆಂದವೆ."

ತಪ್ಪಿಸಿಕೊಳ್ಳುವ ಅವಸರದಲ್ಲಿ ಆಕೆ ಪುಟ್ಟಮ್ಮಣ್ಣಿಯ ಕಡೆ ತಿರುಗಿ, "ನಿಮ್ಗೆ?" ಅಂದುಬಿಟ್ಟರು.

ನಾನು ತಟ್ಟೆ ನೋಡಿಕೊಂಡು ಕೂತೆ. ಎಂದಿನ ಮಾತು ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸೌಟು ಹಿಡಿದ ಪುಟ್ಟಮ್ಮಣ್ಣಿ ಚಿಕ್ಕತಾಯಿಯ ತಟ್ಟೆಗೆ ಸಾರು ಬಿಟ್ಟಳು, ನನಗೂ ಬಿಟ್ಟಳು. "ಬನ್ನಿ, ಊಟ ಮಾಡೋರಂತೆ" ಎಂದು ಆಕೆಯನ್ನು ಕರೆದಳು. ಆಕೆ ಆಗಿದೆಯೆಂದು ಹೊರಟುಹೋದರು. ಮಕ್ಕಳ ಮಾತು ಅಲ್ಲಿಗೇ ನಿಂತಿತು. ರಾತ್ರಿಯೂ ನಾವಿಬ್ಬರು ಅದನ್ನು ಎತ್ತಲಿಲ್ಲ. ಎತ್ತಿ ಅಭ್ಯಾಸವಿಲ್ಲ.

ಇವತ್ತು ಬೆಳಿಗ್ಗೆ ನಾನು ಪೇಪರು ನೋಡುತ್ತಿದ್ದೆ. ಒಳಗೆ ಡಬ್ಬ ಕೆರೆದ ಸದ್ದು ಕೇಳಿಸಿತು. ಹೆಚ್ಚಿತು ಎಂಬ ಕೂಗಿಗೆ ಕಿವಿ ಮೊದಲೇ ಸಿದ್ಧವಾಗಿತ್ತು.

"ಅಕ್ಕಿ ಇಲ್ಲ ಕಣ್ರೀ" ಅಂದಳು ಪುಟ್ಟಮ್ಮಣ್ಣಿ.

ಅಷ್ಟೇ. ಈ ಮನೆಗೆ ಬಂದಾಗಿನಿಂದ ಅವಳ ಬಾಯಲ್ಲಿ ಬರದ ಮಾತು. ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ, ಒಂದು ಚಪ್ಪಲಿ ಹಾಕಿದೆ, ಅಲ್ಲೇ ಕೂತುಬಿಟ್ಟೆ. ದುಃಖವಾಯಿತು ನಿಜ, ಅದರೊಳಗೇ ಎಷ್ಟೋ ದಿನದ ಹೊರೆ ಇಳಿಸಿದಂತೆಯೂ ಆಯಿತು.

ಈಗ ಅವಳೇ ಹೊರಗೆ ಬಂದಿದ್ದಾಳೆ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕ ಜಗಲಿಯ ಮೇಲೆ ಕೂತಳು. ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವ ಹಾಗೆ ಅವಳು ಹೀಗೆ ಕೂತವಳಲ್ಲ. ಬೀದಿಯಲ್ಲಿ ಮಗ್ಗದ ಸದ್ದು, ಹನೂರಿನ ಬಸ್ಸು ಹೊರಡುವ ಸದ್ದು.

"ಅಂಗ್ಡಿಗೆ ಓಗಾಕಿಲ್ವಾ?" ಅಂದಳು.

ಇನ್ನೊಂದು ಚಪ್ಪಲಿ ಹಾಕಿಕೊಂಡು ಎದ್ದೆ.

"ಹೋಗ್ತೀನಿ" ಅಂದೆ.

ಅವಳು ತಿದ್ದಲಿಲ್ಲ.